1,500 ಅಡಿ ಆಳದಲ್ಲಿ ಅಡಗಿಸಿಟ್ಟ ಬರ

ನಮ್ಮ ಕಡೆ ಬೋರ್‌ವೆಲ್ ಲಾರಿ ಬಂತು ಅಂದರೆ ಅಕ್ಕಪಕ್ಕದ ಹೊಲದವರೆಲ್ಲ ಬಂದು ನಿಲ್ಲುತ್ತಾರೆ. ಪಾಯಿಂಟ್ ಮಾಡಿದ ಜಾಗಕ್ಕೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು ಪೂಜೆ ಆಗುತ್ತದೆ. ಆಮೇಲೆ ಶುರುವಾದ ಸದ್ದು ಬೆಳಗಿನ ಜಾವದವರೆಗೂ ನಿಲ್ಲುವುದಿಲ್ಲ. ಮನೆಯ ಯಜಮಾನ ಇಳಿದ ಪೈಪು ಎಣಿಸುತ್ತಾ ಕೂತಿರುತ್ತಾನೆ. ಆರುನೂರು ಅಡಿ. ಒಂಬೈನೂರು. ಸಾವಿರ. ಮೇಲೆ ಬರುವುದು ಬರೀ ಬಿಳಿ ಧೂಳು. ಸಾವಿರದ ಇನ್ನೂರಕ್ಕೆ ಬಂದಾಗ ಲಾರಿಯವನು ಕೇಳುತ್ತಾನೆ, 'ಏನಣ್ಣ, ಇನ್ನೂ ಬಿಡೋಣ್ವಾ, ಎತ್ತಿಬಿಡೋಣ್ವಾ?' ಆ ಹೊತ್ತಿನಲ್ಲಿ 'ಎತ್ತು' ಅನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ಆಗಲೇ ಅಷ್ಟು ದುಡ್ಡು ಮಣ್ಣಿಗೆ ಹೋಗಿರುತ್ತದೆ. ಇನ್ನು ನೂರಡಿ ನೋಡೋಣ ಅನ್ನುತ್ತಾರೆ.

ನಾನು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವನು. ನಮ್ಮ ಮನೆಯಲ್ಲಿ ಹೀಗೆ ನಾಲ್ಕು ಸಲ ಕೊರೆಸಿದ್ದೇವೆ. ಮೊದಲನೆಯದು ನಾನು ಶಾಲೆಗೆ ಹೋಗುತ್ತಿದ್ದಾಗ, ಮುನ್ನೂರು ಅಡಿಗೇ ನೀರು ಚಿಮ್ಮಿತ್ತು. ಕೊನೆಯದು ಸಾವಿರದ ನಾನೂರು ಅಡಿ, ಸಿಕ್ಕಿದ್ದು ಒಂದೂವರೆ ಇಂಚು. ನಡುವಿನ ಎರಡು ಸುಮ್ನೆ ಹೋದವು. ಅವಕ್ಕೆ ಮಾಡಿದ ಸಾಲ ಮಾತ್ರ ಬಹಳ ವರ್ಷ ಉಳಿಯಿತು.

ಹವಾಮಾನ ಹೀಗೇ ಕೆಡುತ್ತಾ ಹೋದರೆ ಸಮಾಜವೇ ಕುಸಿದುಬೀಳುತ್ತದಾ? ಈ ಪ್ರಶ್ನೆಯನ್ನು ಈಗ ವಿಜ್ಞಾನಿಗಳೂ ಕೇಳುತ್ತಿದ್ದಾರೆ, ರಾತ್ರಿ ನಿದ್ದೆ ಬಾರದ ಹುಡುಗರೂ ಕೇಳುತ್ತಿದ್ದಾರೆ. ಕುಸಿತ ಅಂದ ತಕ್ಷಣ ಒಂದೇ ದಿನಕ್ಕೆ ಎಲ್ಲ ಮುಗಿದುಹೋಗುವ ದೃಶ್ಯ ಕಣ್ಣ ಮುಂದೆ ಬರುತ್ತದೆ. ನನಗೆ ನೆನಪಾಗುವುದು ಲಾರಿಯವನ ಆ ಪ್ರಶ್ನೆ. ನಮ್ಮ ಜಿಲ್ಲೆಗೆ ಬರ ಬಂದು ಎಷ್ಟೋ ವರ್ಷ ಆಯಿತು. ಅದನ್ನು ಒಪ್ಪಿಕೊಳ್ಳುವ ಬದಲು ಇನ್ನಷ್ಟು ಆಳಕ್ಕೆ ಇಳಿದು ಮರೆ ಮಾಡಿದೆವು. ಒಂದು ಮರೆ ಹರಿದಾಗ ಇನ್ನೊಂದು ಕಟ್ಟಿದೆವು. ಭೂಮಿ ಬಿಸಿಯಾಗುವ ವೇಗ ಹೆಚ್ಚಾದರೆ ಈ ಮರೆಗಳೆಲ್ಲ ಒಟ್ಟೊಟ್ಟಿಗೇ ಸರಿಯುತ್ತವೆ. ಕುಸಿತದ ಅಪಾಯ ಇರುವುದು ಅಲ್ಲೇ ಅಂತ ನನಗೆ ಅನಿಸುತ್ತದೆ. ಯಾಕೆ ಹಾಗೆ ಅನಿಸುತ್ತದೆ ಅಂತ ಹೇಳುತ್ತೇನೆ.

ಬಿಸಿಯ ವೇಗ, ಹೊಗೆಯ ಮರೆ

ಮೊದಲು ವೇಗದ ಲೆಕ್ಕ ನೋಡೋಣ. 1850ರಿಂದ 1900ರವರೆಗಿನ ಸರಾಸರಿಗೆ ಹೋಲಿಸಿದರೆ 2024ರಲ್ಲಿ ಭೂಮಿ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿತ್ತು ಅಂತ ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಒಂದು ಇಡೀ ವರ್ಷ 1.5 ಡಿಗ್ರಿ ದಾಟಿದ್ದು ಅದೇ ಮೊದಲು. 2015ರ ಪ್ಯಾರಿಸ್ ಒಪ್ಪಂದದಲ್ಲಿ, ದಾಟದಿರಲು ಪ್ರಯತ್ನ ಮಾಡುತ್ತೇವೆ ಅಂತ ದೇಶಗಳೆಲ್ಲ ಒಪ್ಪಿದ ಗೆರೆ ಅದು. ಒಂದು ವರ್ಷ ದಾಟಿದ ಮಾತ್ರಕ್ಕೆ ಒಪ್ಪಂದ ಮುರಿದುಬಿತ್ತು ಅಂತ ಅರ್ಥವಲ್ಲ, ಅದನ್ನು ಹಲವು ವರ್ಷಗಳ ಸರಾಸರಿಯಲ್ಲಿ ಅಳೆಯುತ್ತಾರೆ. ಆದರೆ ದಾಖಲೆಯಲ್ಲಿರುವ ಅತಿ ಬಿಸಿಯಾದ ಹತ್ತು ವರ್ಷ ಯಾವುವು ಅಂತ ನೋಡಿದರೆ, 2015ರಿಂದ 2024ರವರೆಗಿನ ಹತ್ತೂ ವರ್ಷ ಅದರಲ್ಲಿವೆ.

ವೇಗವೂ ಜಾಸ್ತಿಯಾಗಿದೆ. 1970ರ ನಂತರ ಹತ್ತು ವರ್ಷಕ್ಕೆ ಸುಮಾರು 0.2 ಡಿಗ್ರಿಯಂತೆ ಏರುತ್ತಿದ್ದ ಬಿಸಿ ಈಚಿನ ಹತ್ತು ವರ್ಷದಲ್ಲಿ 0.27 ಡಿಗ್ರಿ ಹತ್ತಿರ ಬಂದಿದೆ. ಗಾಳಿಯಲ್ಲಿ ಕಾರ್ಬನ್ ಡೈ ಆಕ್ಸೈಡ್ ಕೈಗಾರಿಕೆಗಳ ಕಾಲಕ್ಕೆ ಮುಂಚೆ ಹತ್ತು ಲಕ್ಷದಲ್ಲಿ ಸುಮಾರು 280 ಭಾಗ ಇತ್ತು, ಈಗ 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ಗ್ಯಾಸು ಸುಡುವುದೇ ಇದಕ್ಕೆ ಮುಖ್ಯ ಕಾರಣ. ಹೀಗೆ ಹೆಚ್ಚುವರಿಯಾಗಿ ಉಳಿದ ಶಾಖದಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕೂ ಜಾಸ್ತಿ ಸಮುದ್ರದೊಳಗೆ ಸೇರುತ್ತಿದೆ.

ಇನ್ನೊಂದು ಕಾರಣದ ಬಗ್ಗೆ ನಮ್ಮಲ್ಲಿ ಮಾತಾಡುವವರು ಕಡಿಮೆ. ಗಂಧಕ ತುಂಬಿದ ಹೊಗೆಯ ಕಣಗಳು ಬಿಸಿಲನ್ನು ಸ್ವಲ್ಪ ವಾಪಸ್ ಕಳಿಸುತ್ತವೆ. ಕೊಳಕು ಹೊಗೆಯೇ ಭೂಮಿಗೆ ಒಂದು ಚಪ್ಪರ ಹಾಕಿದಂತೆ. ಹಡಗಿನ ಇಂಧನದಲ್ಲಿ ಗಂಧಕ ಶೇ 3.5ರವರೆಗೆ ಇರಬಹುದು ಅನ್ನುವ ನಿಯಮವನ್ನು 2020ರಲ್ಲಿ ಶೇ 0.5ಕ್ಕೆ ಇಳಿಸಿದರು. ಚೀನಾ ಕೂಡ ತನ್ನ ಗಾಳಿಯನ್ನು ಬಹಳ ಮಟ್ಟಿಗೆ ಸ್ವಚ್ಛ ಮಾಡಿಕೊಂಡಿತು. ಅಷ್ಟರ ಮಟ್ಟಿಗೆ ಚಪ್ಪರ ತೆಳುವಾಯಿತು. ಭಾರತದ ನೆಲ ಜಗತ್ತಿನ ಸರಾಸರಿಗಿಂತ ನಿಧಾನವಾಗಿ ಬಿಸಿಯಾಗಿದೆ. ಅದಕ್ಕೆ ಇಲ್ಲಿನ ಹೊಗೆ, ಧೂಳು ಮತ್ತು ನೀರಾವರಿ ಕೂಡ ಕಾರಣ. ಆ ಹೊಗೆ ಜನರ ಶ್ವಾಸಕೋಶ ಹಾಳು ಮಾಡುತ್ತಿದೆ, ಅದನ್ನು ತೆಗೆಯಲೇಬೇಕು. ತೆಗೆದಾಗ ನಮಗೆ ಇಷ್ಟು ದಿನ ತಟ್ಟದೇ ಇದ್ದ ಬಿಸಿಯೂ ತಟ್ಟುತ್ತದೆ. ನಾವು ನೋಡುತ್ತಿರುವುದು ಇನ್ನೂ ಪೂರ್ತಿ ಬಿಸಿಲಲ್ಲ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಬಿಸಿ ಗಾಳಿ ಮಣ್ಣಿನ ತೇವವನ್ನು ಜಾಸ್ತಿ ಹೀರುತ್ತದೆ. ಸುರಿಸುವಾಗಲೂ ಒಂದೇ ಸಲ ಜಾಸ್ತಿ ಸುರಿಸುತ್ತದೆ. ಬರ ಮತ್ತು ನೆರೆ ಎರಡೂ ಒಂದೇ ಕಾರಣದಿಂದ ಬರುವುದು ಹೀಗೆ. ಕೋಲಾರದಲ್ಲಿ ವರ್ಷಕ್ಕೆ ಬೀಳುವ ಮಳೆಯೇ ಸುಮಾರು 700ರಿಂದ 750 ಮಿಲಿಮೀಟರ್. ಅದು ಹದವಾಗಿ ಬಿದ್ದರೆ ರಾಗಿ ಆಗುತ್ತದೆ, ಬಾವಿಗೂ ಇಳಿಯುತ್ತದೆ. ಅದೇ ಮಳೆ ನಾಲ್ಕೈದು ದಿನದಲ್ಲಿ ಬಿದ್ದರೆ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ, ಅಷ್ಟೇ.

2021ರ ನವೆಂಬರ್ ನಮಗೆಲ್ಲ ನೆನಪಿದೆ. ರಾಗಿ ಕೊಯ್ಯುವ ಹೊತ್ತಿಗೆ ಮಳೆ ಹಿಡಿದುಕೊಂಡಿತು, ಬಿಡಲೇ ಇಲ್ಲ. ಎಷ್ಟೋ ವರ್ಷದಿಂದ ತುಂಬದ ಕೆರೆಗಳು ಕೋಡಿ ಹರಿದವು. ಜನ ಬಾಗಿನ ಬಿಟ್ಟರು, ಕೋಡಿಯ ಹತ್ತಿರ ನಿಂತು ಫೋಟೊ ತೆಗೆಸಿಕೊಂಡರು. ಅದೇ ವಾರ ಹೊಲದಲ್ಲಿ ರಾಗಿ ತೆನೆ ನಿಂತಲ್ಲೇ ಮೊಳಕೆ ಒಡೆಯಿತು. ನಮ್ಮ ಅಮ್ಮ ಒಂದು ತೆನೆ ಕಿತ್ತು ತಂದು ಅಂಗೈಯಲ್ಲಿ ತೋರಿಸಿದರು, ಹಸಿರು ಮೊಳಕೆ. ಕೆರೆ ತುಂಬಿದ ಖುಷಿ, ಕಣ ತುಂಬದ ದುಃಖ ಎರಡೂ ಒಂದೇ ದಿನ ಅನುಭವಿಸಿದ್ದು ಅದೇ ಮೊದಲು.

ಧಾತು ಈಶ್ವರ

ಈ ನೆಲದಲ್ಲಿ ಸಮಾಜ ಒಮ್ಮೆ ನಿಜಕ್ಕೂ ಕುಸಿದಿತ್ತು. ಅಜ್ಜನ ಅಜ್ಜನ ಕಾಲ ಅಂದುಕೊಳ್ಳಿ. ಧಾತು ಸಂವತ್ಸರದಲ್ಲಿ, ಅಂದರೆ 1876ರಲ್ಲಿ ಮಳೆ ಕೈಕೊಟ್ಟಿತು. ಮುಂದಿನ ಈಶ್ವರ ಸಂವತ್ಸರದ ಮುಂಗಾರೂ ಹೋಯಿತು. ಧಾತು ಈಶ್ವರ ಬರ ಅನ್ನುವ ಹೆಸರು ಬಂದದ್ದು ಹಾಗೆ. ಪೆಸಿಫಿಕ್ ಸಮುದ್ರದ ನೀರು ವಿಪರೀತ ಬಿಸಿಯಾಗಿ ಎದ್ದ ಎಲ್ ನಿನೊ ಇದಕ್ಕೆ ಒಂದು ಮುಖ್ಯ ಕಾರಣ ಅಂತ ಈಗ ಗೊತ್ತಿದೆ. ಆ ವರ್ಷಗಳಲ್ಲಿ ಭಾರತದ ಜೊತೆಗೆ ಚೀನಾ, ಬ್ರೆಜಿಲ್‌ಗಳಲ್ಲೂ ಬರ ಬಿದ್ದಿತ್ತು.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ 8 ಲಕ್ಷ 69 ಸಾವಿರ ಇಳಿದಿತ್ತು! ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕೋಲಾರ, ತುಮಕೂರು ಇದ್ದವು. ಈ ಅಂಕಿಗಳನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತುಬಿಟ್ಟೆ. ನಮ್ಮ ಕಡೆ ಅಲ್ಲಲ್ಲಿ ಬೇಚರಾಕ್ ಗ್ರಾಮ ಅಂತ ಕಂದಾಯ ದಾಖಲೆಯಲ್ಲಿ ಇರುತ್ತವಲ್ಲ, ಹೆಸರಿದ್ದು ಜನ ಇಲ್ಲದ ಊರುಗಳು. ಅವುಗಳಲ್ಲಿ ಎಷ್ಟು ಊರು ಆ ಎರಡು ವರ್ಷದಲ್ಲಿ ಖಾಲಿಯಾದವೋ ಅನ್ನುವ ಯೋಚನೆ ಆವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ಮಳೆ ಹೋದದ್ದರಿಂದಲೇ ಅಷ್ಟು ಜನ ಸತ್ತರಾ? ಇಲ್ಲಿ ನಿಧಾನವಾಗಿ ನೋಡಬೇಕು. ಕೆರೆ ಒಣಗಿತು, ಗದ್ದೆಯಲ್ಲಿ ಕೆಲಸ ನಿಂತಿತು. ಕೂಲಿ ಇಲ್ಲದವನಿಗೆ ಧಾನ್ಯ ಕೊಳ್ಳಲು ಕಾಸಿಲ್ಲ. ದನ ಮಾರಲು ಹೋದರೆ ಕೊಳ್ಳುವವರಿಲ್ಲ, ಎಲ್ಲರೂ ಮಾರುವವರೇ. ನೇಕಾರನ ಬಟ್ಟೆಗೂ ಗಿರಾಕಿ ಇಲ್ಲ. ಊರು ಬಿಟ್ಟು ದಾರಿ ಹಿಡಿದವರನ್ನು ಕಾಲರಾ ಹಿಡಿಯಿತು. ಆದರೆ ಧಾನ್ಯ ಇತ್ತು. ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು, ಮದರಾಸಿನಿಂದ ಧಾನ್ಯ ಅದೇ ದಾರಿಯಲ್ಲಿ ಬರುತ್ತಿತ್ತು. ಬೆಲೆ ಮಾತ್ರ ಬಡವರ ಕೈಗೆ ಎಟುಕದಂತೆ ಏರಿತ್ತು. ಅದೇ ವರ್ಷಗಳಲ್ಲಿ ಭಾರತದಿಂದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಮೈಸೂರಿನಲ್ಲಿ ಆಗ ಬ್ರಿಟಿಷರದೇ ನೇರ ಆಡಳಿತ. ಪರಿಹಾರ ಜಾಸ್ತಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ಮಾರುಕಟ್ಟೆಗೆ ಕೈ ಹಾಕಬಾರದು ಅನ್ನುವುದು ಆ ಸರ್ಕಾರದ ನಂಬಿಕೆ.

ಆಮೇಲೂ ಬರಗಳು ಬಂದವು. 1965, 1972, 2002, 2016, 2023. ಲಕ್ಷಗಟ್ಟಲೆ ಜನ ಹಸಿವಿನಿಂದ ಸಾಯಲಿಲ್ಲ. ಮಳೆ ದಯೆ ತೋರಿಸಿತು ಅಂತಲ್ಲ. ರೇಷನ್ ಅಂಗಡಿ ಬಂತು, ಬರಗಾಲದ ಕಾಮಗಾರಿ ಬಂತು, ರಸ್ತೆ ಬಂತು. ಜನರಿಗೆ ಓಟು ಬಂತು. ಆಕಾಶ ಕೆಡುವುದು ಒಂದು, ಊರು ಕೆಡುವುದು ಇನ್ನೊಂದು. ಅವೆರಡರ ನಡುವೆ ಇರುವುದು ಇಂಥ ವ್ಯವಸ್ಥೆಗಳು. ಈಗ ಕೇಳಬೇಕಾದ್ದು, ಆ ನಡುವಿನ ಜಾಗ ಇವತ್ತು ಎಷ್ಟು ಗಟ್ಟಿ ಇದೆ ಅನ್ನುವುದು.

ಕೆರೆ ಬಿಟ್ಟು ಬಾವಿಗೆ, ಬಾವಿ ಬಿಟ್ಟು ಬೋರಿಗೆ

ನಂದಿಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಹುಟ್ಟುತ್ತವೆ. ಪಾಲಾರ್ ಕೂಡ ನಮ್ಮ ಕಡೆಯದೇ. ಇಷ್ಟಾದರೂ ಕೋಲಾರ, ಚಿಕ್ಕಬಳ್ಳಾಪುರಗಳಿಗೆ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಅದಕ್ಕೇ ನಮ್ಮ ಹಿರಿಯರು ಕೆರೆ ಕಟ್ಟಿದರು. ಒಂದಾಗಿದ್ದಾಗಿನ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಒಂದರ ಕೋಡಿ ನೀರು ಇನ್ನೊಂದಕ್ಕೆ, ಅದರದು ಕೆಳಗಿನದಕ್ಕೆ. ಮೇಲಿನ ಊರಿನವರು ಏರಿ ಎತ್ತರಿಸಿದರೆ ಕೆಳಗಿನ ಊರಿಗೆ ನೀರಿಲ್ಲ. ಹಾಗಾಗಿ ಕೆರೆ ಅಂದರೆ ಊರೂರುಗಳ ನಡುವಿನ ಒಪ್ಪಂದ ಕೂಡ.

ತೂಬು ಎತ್ತುವವನು ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನ ಮಾಡುವವನು ಅವನು. ನೀರು ಕಡಿಮೆ ಇದ್ದ ವರ್ಷ ಅಚ್ಚುಕಟ್ಟಿನಲ್ಲಿ ಇಷ್ಟೇ ಭಾಗಕ್ಕೆ ಭತ್ತ ಅಂತ ಊರೇ ಕೂತು ನಿರ್ಧರಿಸುತ್ತಿತ್ತು. ಇದನ್ನು ಹೇಳುವಾಗ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ನೀರುಗಂಟಿ ಬಹುಪಾಲು ದಲಿತರ ಕೇರಿಯವನು. ಊರಿಗೆಲ್ಲ ನೀರು ಹಂಚಿದವನಿಗೆ ಸ್ವಂತ ಗದ್ದೆ ಇರುತ್ತಿದ್ದದ್ದು ಅಪರೂಪ, ಸುಗ್ಗಿಯಲ್ಲಿ ಕೊಟ್ಟ ಆಯ, ಅಂದರೆ ಕಾಳಿನ ಪಾಲೇ ಅವನ ಸಂಬಳ. ಆ ಅನ್ಯಾಯ ವಾಪಸ್ ಬರಬಾರದು. ಕಷ್ಟದ ವರ್ಷದಲ್ಲಿ ಎಲ್ಲರೂ ಕೂತು ಕಡಿಮೆ ಮಾಡಿಕೊಳ್ಳುವ ಆ ರೂಢಿ ಮಾತ್ರ ಬೇಕು.

ಬೋರ್‌ವೆಲ್ ಬಂದಾಗ ಆ ರೂಢಿ ಹೋಯಿತು. ನನ್ನ ಜಮೀನು, ನನ್ನ ಬೋರು, ನನ್ನ ಮೋಟರು. ಕೆರೆ ಯಾರಿಗೂ ಬೇಡವಾಯಿತು. ಹೂಳು ತುಂಬಿತು, ಜಾಲಿ ಬೆಳೆಯಿತು, ಕಾಲುವೆ ಒತ್ತುವರಿ ಆಯಿತು. ಸರ್ಕಾರ ಮತ್ತು ರೈತರು ಸೇರಿ ನೆಟ್ಟ ನೀಲಗಿರಿ ಬಯಲೆಲ್ಲ ಹಬ್ಬಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಲ್ಲಿಸಿದ್ದು 2017ರಲ್ಲಿ.

ನಮ್ಮ ನೆಲದ ಕೆಳಗಿರುವುದು ಗಟ್ಟಿ ಕಲ್ಲು. ಅದರ ಬಿರುಕುಗಳಲ್ಲಿ ಮಾತ್ರ ನೀರು. ಮೇಲಿನ ಬಿರುಕಿನ ನೀರು ವರ್ಷ ವರ್ಷದ ಮಳೆಯದು, ಆಳದ ನೀರು ಬಹಳ ಹಳೆಯದು. ಮೇಲಿನದನ್ನು ಚಾಲ್ತಿ ಖಾತೆ ಅನ್ನಬಹುದು, ಕೆಳಗಿನದು ಮುತ್ತಾತ ಇಟ್ಟ ಠೇವಣಿ. ಅದನ್ನು ತೆಗೆದು ನಾವು ಟೊಮೆಟೊ ಬೆಳೆದೆವು, ಬೆಂಗಳೂರಿಗೆ ಸೊಪ್ಪು, ಹೂವು, ಹಾಲು ಕಳಿಸಿದೆವು. ಅಂತರ್ಜಲ ಲೆಕ್ಕದಲ್ಲಿ ನಮ್ಮ ತಾಲ್ಲೂಕುಗಳು ವರ್ಷಗಳಿಂದ ಅತಿಬಳಕೆಯ ಪಟ್ಟಿಯಲ್ಲಿವೆ. ಇಳಿಯುವುದಕ್ಕಿಂತ ಎತ್ತುವುದು ಜಾಸ್ತಿ ಅಂತ ಅದರ ಅರ್ಥ. ಆಳ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ನಿಯಮ. ಅದು ದಾಟಿದ ಬಾಗೇಪಲ್ಲಿ, ಪಾವಗಡದ ಹಳ್ಳಿಗಳಲ್ಲಿ ಕಂದು ಹಲ್ಲಿನ ಮಕ್ಕಳು, ಬೆನ್ನು ಬಾಗಿದ, ಮಂಡಿ ಮಡಿಸಲಾಗದ ಹಿರಿಯರು ಇದ್ದಾರೆ. ಈಚೆಗೆ ಯುರೇನಿಯಂ ಅಂಶವೂ ಕೆಲವು ಕಡೆ ಮಿತಿ ಮೀರಿರುವುದು ಪರೀಕ್ಷೆಯಲ್ಲಿ ಕಂಡಿದೆ.

ಕುಸಿತದ ಮೊದಲ ಗುಣ ಇಲ್ಲಿ ಕಾಣುತ್ತದೆ. ಅದು ಎಲ್ಲರ ಮೇಲೂ ಒಂದೇ ದಿನ ಬೀಳುವುದಿಲ್ಲ. ಬಾವಿ ಬತ್ತಿದಾಗ ಬೋರಿಗೆ ದುಡ್ಡಿಲ್ಲದವರು ಬೇಸಾಯ ಬಿಟ್ಟರು. ಐನೂರು ಅಡಿ ದಾಟಿದಾಗ ಇನ್ನಷ್ಟು ಜನ ಬಿಟ್ಟರು. ಸಾವಿರ ದಾಟಿದ ಮೇಲೆ ಸಾಲ ಹುಟ್ಟುವವರು ಮಾತ್ರ ಉಳಿದರು. ಬಿಟ್ಟವರು ಎಲ್ಲಿ ಹೋದರು? ಬೆಳಗ್ಗೆ ಬೆಂಗಳೂರಿನ ಕಡೆ ಹೋಗುವ ಬಸ್ಸು, ರೈಲು ನೋಡಿ. ಮಾರಿಕುಪ್ಪಂ, ಬಂಗಾರಪೇಟೆಯಿಂದ ನಿಲ್ಲಲೂ ಜಾಗವಿಲ್ಲದೆ ಹೋಗುತ್ತಾರೆ. ಅದೇ ರೈಲಿನಲ್ಲಿ ಕೆಜಿಎಫ್‌ನವರೂ ಇರುತ್ತಾರೆ. ಅವರ ಊರು ಚಿನ್ನಕ್ಕಾಗಿ ಮೂರು ಕಿಲೋಮೀಟರಿಗೂ ಆಳ ಇಳಿದು, ಖರ್ಚು ಹುಟ್ಟದೆ 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿಕೊಂಡಿತು. ಒಂದೇ ಜಿಲ್ಲೆಯಲ್ಲಿ ಒಬ್ಬರು ಚಿನ್ನಕ್ಕೆ ಇಳಿದವರು, ಇನ್ನೊಬ್ಬರು ನೀರಿಗೆ ಇಳಿದವರು. ಈಗ ಇಬ್ಬರದೂ ಒಂದೇ ರೈಲು.

ಒಂದೇ ಮುಂಗಾರಿಗೆ ಕಟ್ಟಿದ ಸರಪಳಿ

2018ರ ಜೂನ್‌ನಲ್ಲಿ ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂತು. ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆ. ದಿನಕ್ಕೆ 44 ಕೋಟಿ ಲೀಟರ್ ಅನ್ನುವುದು ಮೊದಲ ಹಂತದ ಲೆಕ್ಕ. ಚಿಕ್ಕಬಳ್ಳಾಪುರದ ಕಡೆಗೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿಯಿಂದ 21 ಕೋಟಿ ಲೀಟರ್. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಕಂಡಿತು, ವಿಷಯ ಹೈಕೋರ್ಟಿಗೆ, ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ನೀರು ಮತ್ತೆ ಹರಿಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅನ್ನುವ ಬೇಡಿಕೆ ಅಂದಿನಿಂದಲೂ ಇದೆ. ಅದು ನ್ಯಾಯವಾದ ಬೇಡಿಕೆ. ಆದರೆ ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದೂ ನಿಜ. ಒಣಗಿದ ಕೆರೆಯಲ್ಲಿ ಕೊಕ್ಕರೆ ಇಳಿದದ್ದನ್ನು ನೋಡಿದವರಿಗೆ ಈ ಯೋಜನೆ ಸುಳ್ಳು ಅನ್ನಲು ಮನಸ್ಸು ಬರುವುದಿಲ್ಲ.

ನನಗಿರುವ ಭಯ ಬೇರೆ. ಈ ನೀರು ಎಲ್ಲಿಂದ ಹೊರಟಿತು ಅಂತ ಹಿಂದಕ್ಕೆ ನಡೆದು ನೋಡಿ. ನಮ್ಮ ಕೆರೆಗೆ ಬೆಂಗಳೂರಿನ ಚರಂಡಿಯಿಂದ. ಅಲ್ಲಿಗೆ ಮನೆಗಳ ನಲ್ಲಿಯಿಂದ. ನಲ್ಲಿಗೆ ಕಾವೇರಿಯಿಂದ, ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಕರೆಂಟಿನಲ್ಲಿ ಎತ್ತಿ. ಕಾವೇರಿಗೆ ಕೊಡಗಿನ ಮುಂಗಾರಿನಿಂದ. ಮುಳಬಾಗಿಲಿನ ಟೊಮೆಟೊ ಗಿಡದ ಬೇರು ಭಾಗಮಂಡಲದ ಮೋಡಕ್ಕೆ ತಗುಲಿಕೊಂಡಿದೆ! ಕೊಡಗಿನಲ್ಲಿ ಮಳೆ ತಪ್ಪಿದ ವರ್ಷ ಬೆಂಗಳೂರು ನೀರು ಉಳಿಸುತ್ತದೆ, ಮರುಬಳಕೆ ಮಾಡುತ್ತದೆ. ಮಾಡಲೇಬೇಕು. ಆಗ ನಮ್ಮ ಪೈಪಿಗೆ ಎಷ್ಟು ಬರುತ್ತದೆ?

ಘಟ್ಟದ ಹೊಳೆಗಳ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಯೂ ಹೀಗೇ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆಯಿತು. 24 ಟಿಎಂಸಿ ನೀರಿನ ಲೆಕ್ಕ. ಖರ್ಚಿನ ಅಂದಾಜು 23 ಸಾವಿರ ಕೋಟಿ ದಾಟಿದೆ. ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ಉದ್ಘಾಟನೆ ಆಯಿತು. ನೀರು ಕೇಳಿದ್ದಕ್ಕೆ ಲಾಠಿ ಏಟು ತಿಂದ ಜನ ನಾವು. 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿಗಾಗಿ ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟಿದ್ದ ರೈತರನ್ನು ಯಾರೂ ಮರೆತಿಲ್ಲ. ಆದ್ದರಿಂದ ಎತ್ತಿನಹೊಳೆ ಬೇಡ ಅನ್ನುವ ಮಾತನ್ನು ನಾನು ಹಗುರವಾಗಿ ಆಡಲಾರೆ. ಆದರೂ ಕೇಳಬೇಕಲ್ವಾ? ಆ ನೀರೂ ಪಶ್ಚಿಮ ಘಟ್ಟದ ಅದೇ ಮುಂಗಾರಿನದು. ಗುಡ್ಡ ಜರಿಯುವ ಜಾಗಗಳ ನಡುವೆ ಅದರ ದಾರಿ. ಕಾವೇರಿ ಸೋತ ವರ್ಷವೇ ಎತ್ತಿನಹೊಳೆಯೂ ಸೋತರೆ ನಮಗೆ ಎರಡು ಆಸರೆ ಇದ್ದೂ ಒಂದೂ ಇಲ್ಲದಂತೆ.

ಇದು ಬರೀ ಊಹೆಯಲ್ಲ. 2019ರ ಜುಲೈನಲ್ಲಿ ಚೆನ್ನೈಗೆ ನೀರು ಹೊತ್ತ ರೈಲು ಹೊರಟದ್ದು ಜೋಲಾರಪೇಟೆಯಿಂದ, 50 ವ್ಯಾಗನ್, 25 ಲಕ್ಷ ಲೀಟರ್. ಧಾತು ಬರದಲ್ಲಿ ಧಾನ್ಯ ಬಂದ ಅದೇ ಜಂಕ್ಷನ್. ಆ ರೈಲಿನ ನೀರೂ ಕಾವೇರಿಯದೇ.

2023 ತೋರಿಸಿದ್ದು

ಎಲ್ಲ ಮರೆಗಳೂ ಒಟ್ಟಿಗೆ ಸ್ವಲ್ಪ ಸರಿದರೆ ಹೇಗಿರುತ್ತದೆ ಅಂತ 2023 ತೋರಿಸಿತು. ಮತ್ತೆ ಎಲ್ ನಿನೊ. ಆ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಜುಲೈನಲ್ಲಿ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತನ್ನು ಕೇಂದ್ರ ನಿಲ್ಲಿಸಿತು. ಆಫ್ರಿಕಾದ ಅಂಗಡಿಗಳಲ್ಲೂ ಅದರ ಬಿಸಿ ತಟ್ಟಿತು. ಇಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಸಿಗದೆ, ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ದುಡ್ಡು ಹಾಕಿತು. ಬರ ಪರಿಹಾರಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 18 ಸಾವಿರ ಕೋಟಿ ಕೇಳಿದ್ದಕ್ಕೆ 2024ರ ಏಪ್ರಿಲ್‌ನಲ್ಲಿ 3,454 ಕೋಟಿ ಬಂತು. ಆ ಹೊತ್ತಿಗೆ ಬೆಂಗಳೂರಿನಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿ, ಅಪಾರ್ಟ್‌ಮೆಂಟಿನವರು ಟ್ಯಾಂಕರಿಗೆ ಕಾಯುತ್ತಿದ್ದರು.

ಅದೇ ವರ್ಷ ಕೋಲಾರದ ಮಂಡಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು. ಕೋಟಿ ಗಳಿಸಿದ ರೈತರ ಸುದ್ದಿ ಟಿವಿಯಲ್ಲಿ ಬಂತು. ಎಲೆ ಮುದುಡು ರೋಗ ಹತ್ತಿ ತೋಟಕ್ಕೆ ತೋಟವೇ ಕಿತ್ತು ಹಾಕಿದವರ ಸುದ್ದಿ ಅಷ್ಟು ಬರಲಿಲ್ಲ. ಬಿಸಿಲು ಹೆಚ್ಚಿದಾಗ ಬಿಳಿ ನೊಣ ಹೆಚ್ಚುತ್ತದೆ, ಅದೇ ಆ ವೈರಸ್ ಹರಡುವುದು. ಬೆಲೆ ಏರಿದ್ದು ಇಳುವರಿ ಬಿದ್ದದ್ದರಿಂದ. ಹೀಗಾದಾಗ ಬೇಸಾಯ ಜೂಜಿನಂತೆ ಆಗಿಬಿಡುತ್ತದೆ. ಸಿಕ್ಕವನಿಗೆ ಸಿಕ್ಕಿತು, ಉಳಿದವರು ಮಂಡಿ ಸಾಲದಲ್ಲಿ. ರೇಷ್ಮೆ ಹುಳು 23ರಿಂದ 28 ಡಿಗ್ರಿಯಲ್ಲಿ ಚೆನ್ನಾಗಿರುತ್ತದೆ, ಶಿಡ್ಲಘಟ್ಟದ ಕಡೆ ಹುಳುಮನೆಗೆ ಒದ್ದೆ ಗೋಣಿಚೀಲ ಕಟ್ಟಿ ಕಾಯುತ್ತಾರೆ. ಸೀಮೆಹಸು ಬಿಸಿಲಿಗೆ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಡೈರಿಯ ಹಾಲಿನ ದುಡ್ಡೇ ಇವತ್ತು ನಮ್ಮ ಹಳ್ಳಿಗಳ ಮನೆ ಖರ್ಚು.

ಎರಡು ಡಿಗ್ರಿ ಬಿಸಿಯ ಲೋಕದಲ್ಲಿ 2023ರಂಥ ವರ್ಷ ಎರಡು ಬೆನ್ನುಬೆನ್ನಿಗೆ ಬಂದರೆ? ರಫ್ತು ನಿಲ್ಲಿಸುವ ದೇಶಗಳು ಒಂದರ ಬದಲು ಐದಾದರೆ? ಈಗಿನ ನೀತಿಗಳೇ ಮುಂದುವರಿದರೆ ಈ ಶತಮಾನದ ಕೊನೆಗೆ ಎರಡೂವರೆಯಿಂದ ಮೂರು ಡಿಗ್ರಿ ಅಂತ ಲೆಕ್ಕಗಳು ಹೇಳುತ್ತಿವೆ. ಜಗತ್ತು ಮುಗಿದುಹೋಗುತ್ತದೆ ಅಂತ ನಾನು ನಂಬುವುದಿಲ್ಲ. ಆದರೆ ರೇಷನ್ ಅಂಗಡಿಯ ಅಕ್ಕಿ, ಪಂಪಿನ ಕರೆಂಟು, ಬ್ಯಾಂಕಿನ ಸಾಲ, ನಗರದಲ್ಲಿ ಕೂಲಿ, ಇವು ನಾಲ್ಕೂ ಒಂದೇ ವರ್ಷ ಕೈಕೊಡಬಹುದು ಅನ್ನುವುದನ್ನು ನಂಬುತ್ತೇನೆ. ಒಂದು ಹೋದರೆ ಇನ್ನೊಂದು ಹಿಡಿಯುತ್ತದೆ. ನಾಲ್ಕೂ ಹೋದರೆ ಧಾತು ಸಂವತ್ಸರ.

ಹಗೇವು

ಹಾಗಾದರೆ ಏನು ಗಟ್ಟಿ ಮಾಡಿಕೊಳ್ಳಬೇಕು? ಹೊಗೆ ಇಳಿಸುವುದು ಮೊದಲ ಕೆಲಸ. ಅದನ್ನು ಬಿಟ್ಟು ಬೇರೆ ಏನು ಮಾಡಿದರೂ ಸಾಲದು. ಇದುವರೆಗಿನ ಹೊಗೆಯಲ್ಲಿ ದೊಡ್ಡ ಪಾಲು ಶ್ರೀಮಂತ ದೇಶಗಳದ್ದು, ಅವರೇ ಮೊದಲು ಇಳಿಸಬೇಕು. ಇದು ನ್ಯಾಯ. ಆದರೆ 'ನೀವು ಮೊದಲು' ಅನ್ನುತ್ತಲೇ ಮೂವತ್ತು ವರ್ಷ ಕಳೆದಿದೆ. ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ರೈತರಿಂದ ಜಮೀನು ಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರು, ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು. ಜಮೀನಿದ್ದವರಿಗೆ ಬರಗಾಲದಲ್ಲೂ ನಿಲ್ಲದ ಬಾಡಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆ ಇಲ್ಲ, ಕೆಲಸವೂ ಹೋಯಿತು. ಮುಂದಿನ ಪಾರ್ಕ್ ಕಟ್ಟುವಾಗ ಅವರ ಹೆಸರೂ ಪಟ್ಟಿಯಲ್ಲಿ ಇರಬೇಕು.

ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ. ನಮ್ಮ ಅಜ್ಜಿಯ ಮನೆ ಮುಂದೆ ಹಗೇವು ಇತ್ತು. ನೆಲದೊಳಗೆ ಮಡಕೆಯಂತೆ ತೋಡಿದ ಗುಂಡಿ, ಬಾಯಿ ಸಣ್ಣದು, ಒಳಗೆ ದೊಡ್ಡದು. ಹುಲ್ಲು ಹಾಸಿ ರಾಗಿ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ರಾಗಿಯ ಗುಣವೇ ಅದು. ಹೊಲದಲ್ಲೂ ರಾಗಿ ಒಂದೇ ಇರುತ್ತಿರಲಿಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಮಳೆ ಯಾವ ತಿಂಗಳು ಕೈಕೊಟ್ಟರೂ ಒಂದಾದರೂ ಉಳಿಯುತ್ತಿತ್ತು. ಲಾಭದ ಲೆಕ್ಕದಲ್ಲಿ ಟೊಮೆಟೊ ಮುಂದೆ ಅದು ನಿಲ್ಲುವುದಿಲ್ಲ, ಗೊತ್ತು. ಹಾಗಾಗಿ ರೈತನ ತ್ಯಾಗದ ಮೇಲೆ ಇದನ್ನು ಬಿಡಬಾರದು. ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಂಡು ರೇಷನ್‌ನಲ್ಲಿ ಕೊಡುವುದು ದಕ್ಷಿಣ ಕರ್ನಾಟಕದಲ್ಲಿ ನಡೆಯುತ್ತಿದೆ. ಅದು ಸಣ್ಣ ವಿಷಯವಲ್ಲ. ನಮ್ಮ ಹೊಲದ ಕಾಳು ನಮ್ಮ ಊರಿನ ಅಂಗಡಿಗೆ ಬರುವ ಆ ದಾರಿ ಇನ್ನೂ ಅಗಲ ಆಗಬೇಕು. ದೂರದ ಮುಂಗಾರು, ದೂರದ ಬಂದರು, ದೂರದ ಕೋರ್ಟು ಯಾವುದಕ್ಕೂ ಅದು ಕಾಯಬೇಕಿಲ್ಲ.

ಕೆರೆಯೂ ಅಷ್ಟೇ. ನಾಲ್ಕೈದು ದಿನದಲ್ಲಿ ಸುರಿಯುವ ಮಳೆಯನ್ನು ಹಿಡಿಯಲು ನಮ್ಮಲ್ಲಿ ಇರುವ ಪಾತ್ರೆ ಅದೊಂದೇ. ಹೂಳೆತ್ತುವ ಕೆಲಸ ಅಲ್ಲಲ್ಲಿ ನಡೆಯುತ್ತದೆ. ಆದರೆ ನೀರು ಬರುವ ಕಾಲುವೆ ಮುಚ್ಚಿದ್ದರೆ ಹೂಳೆತ್ತಿ ಏನು ಪ್ರಯೋಜನ?

ನಮ್ಮೂರ ಕೆರೆಗೆ ಬರುವ ರಾಜಕಾಲುವೆ ಸರ್ವೆ ನಕ್ಷೆಯಲ್ಲಿ ಸ್ಪಷ್ಟವಾಗಿದೆ. ಜಾಗಕ್ಕೆ ಹೋಗಿ ನೋಡಿದರೆ ಅದರ ಮೇಲೆ ಐದು ಜಮೀನಿನವರ ಬೆಳೆ ಇದೆ. ಅದರಲ್ಲಿ ಒಂದು ನಮ್ಮದು. ಹತ್ತು ಅಡಿ ಅಗಲ, ನಮ್ಮ ಪಾಲಿಗೆ ಸುಮಾರು ಮೂರು ಗುಂಟೆ. ಬಿಟ್ಟುಬಿಡೋಣ ಅಂತ ಹೋದ ತಿಂಗಳು ಮನೆಯಲ್ಲಿ ಮಾತು ತೆಗೆದೆ. ಅಮ್ಮ ಆಗಲಿ ಅಂದರು. ಚಿಕ್ಕಪ್ಪ ಇನ್ನೂ ಒಪ್ಪಿಲ್ಲ. 'ಮೇಲಿನವರು ಬಿಟ್ಟರೆ ನಾನೂ ಬಿಡ್ತೀನಿ ಕಣೋ. ನಾವೊಬ್ರೇ ಬಿಟ್ಟು ಏನು ಮಾಡೋಣ?' ಅನ್ನುತ್ತಾರೆ. ಮೇಲಿನ ಜಮೀನಿನವರ ಮನೆಗೆ ಈ ಭಾನುವಾರ ನಾನೂ ಅಮ್ಮನೂ ಹೋಗುತ್ತಿದ್ದೇವೆ. ನಕ್ಷೆಯ ಜೆರಾಕ್ಸ್ ಮಾಡಿಸಿಟ್ಟುಕೊಂಡಿದ್ದೇನೆ.